ಸಂಬಳ ಹೇಳಿ, ಇಡಗಂಟು ಹೇಳಬೇಡಿ: ಆನ್‌ಲೈನ್ ಅಪರಿಚಿತರ ಮುಂದೆ ದುಡ್ಡಿನ ಮಾತು

"ವಯಸ್ಸು 34. ಕೆಲಸ ಇಂಥದ್ದು. ವರ್ಷಕ್ಕೆ ಸಂಬಳ ಇಷ್ಟು, ನಿವೃತ್ತಿಗೆ ಅಂತ ಕೂಡಿಟ್ಟಿರೋದು ಇಷ್ಟು. ಇದು ಸಾಕಾ?" ಈ ಥರದ ಪ್ರಶ್ನೆಯನ್ನು ಆನ್‌ಲೈನ್‌ನಲ್ಲಿ ನೀವು ನೋಡಿಯೇ ಇರುತ್ತೀರಿ. ಒಡಹುಟ್ಟಿದವರಿಗೂ ಹೇಳದ ಲೆಕ್ಕವನ್ನು ಜನ ಮುಖ ಪರಿಚಯ ಇಲ್ಲದವರ ಮುಂದೆ ಬಿಡಿಸಿ ಹೇಳುತ್ತಾರೆ. ಇದನ್ನು ನೋಡಿ ಕೆಲವರಿಗೆ ಗಾಬರಿಯಾಗುತ್ತದೆ. ಇನ್ನು ಕೆಲವರು, ದುಡ್ಡಿನ ವಿಷಯಕ್ಕೆ ಇದ್ದ ಮುಚ್ಚುಮರೆ ಕೊನೆಗೂ ಹೋಯಿತಲ್ಲ ಅಂತ ಖುಷಿಪಡುತ್ತಾರೆ. ನನಗೆ ಅನ್ನಿಸುವುದೇನೆಂದರೆ, ಈ ಇಬ್ಬರೂ ಎರಡು ಬೇರೆ ಬೇರೆ ವಿಷಯಗಳನ್ನು ಒಂದೇ ಅಂದುಕೊಂಡು ವಾದ ಮಾಡುತ್ತಿದ್ದಾರೆ.

ಸಂಬಳ ಬೇರೆ, ಇಡಗಂಟು ಬೇರೆ. ಸಂಬಳ ಅಂದರೆ ಒಂದು ಕೆಲಸಕ್ಕೆ ಸದ್ಯ ಸಿಗುತ್ತಿರುವ ಬೆಲೆ. ಅದು ಎಷ್ಟು ಜನಕ್ಕೆ ಗೊತ್ತಾದರೆ ದುಡಿಯುವವರಿಗೆ ಅಷ್ಟು ಅನುಕೂಲ. ನಿವೃತ್ತಿಗೆ ಕೂಡಿಟ್ಟ ಇಡಗಂಟು ಒಬ್ಬ ಮನುಷ್ಯನ ಇಡೀ ಬದುಕಿನ ಲೆಕ್ಕ. ಅದರ ಮೊತ್ತವನ್ನು ಊರಿಗೆಲ್ಲ ಹೇಳಿದರೆ ಹೇಳಿದವರಿಗೆ ಅಪಾಯ, ಕೇಳಿದವರಿಗೆ ಬರೀ ಕಳವಳ. ಹಾಗಾಗಿ ಮೊದಲನೆಯದನ್ನು ಧಾರಾಳವಾಗಿ ಹೇಳಿ, ಎರಡನೆಯದರ ಮೊತ್ತವನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಮಾತಾಡಿ ಅನ್ನುವುದು ನನ್ನ ವಾದ. ಯಾಕೆ ಅಂತ ಸ್ವಲ್ಪ ವಿವರವಾಗಿ ನೋಡೋಣ.

ಇಷ್ಟಕ್ಕೂ ಅಪರಿಚಿತರೇ ಯಾಕೆ ಬೇಕು? ಹತ್ತಿರದವರಿಗೆ ಸಂಬಳ ಗೊತ್ತಾದ ಮೇಲೆ ಸಂಬಂಧ ಮೊದಲಿನ ಹಾಗೆ ಇರುವುದಿಲ್ಲ. ಜಾಸ್ತಿ ಇದ್ದರೆ ಸಾಲ ಕೇಳಬಹುದು, ಕೇಳದಿದ್ದರೂ ಕೇಳಬಹುದೇನೋ ಅನ್ನುವ ಅನುಮಾನ ಇಬ್ಬರ ಮಧ್ಯೆ ಸುಳಿದಾಡುತ್ತದೆ. ಕಡಿಮೆ ಇದ್ದರೆ ಮರುಕ, ಇಲ್ಲವೇ ಪುಕ್ಕಟೆ ಬುದ್ಧಿವಾದ. ಅಪರಿಚಿತರ ಜೊತೆ ಈ ಕಾಟ ಇಲ್ಲ. ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ನಿಮ್ಮದೇ ಕೆಲಸವನ್ನು, ನಿಮ್ಮಷ್ಟೇ ಅನುಭವ ಇಟ್ಟುಕೊಂಡು, ಬೇರೊಂದು ಕಂಪನಿಯಲ್ಲಿ ಮಾಡುತ್ತಿರುವ ವ್ಯಕ್ತಿ ನಿಮ್ಮ ನೆಂಟರಿಷ್ಟರಲ್ಲಿ ಇರುವುದು ಕಷ್ಟ. ಕೆಲಸ ಕೊಡುವವರ ಕೈಯಲ್ಲಿ ನೂರಾರು ಜನರ ಸಂಬಳದ ಪಟ್ಟಿ ಇರುತ್ತದೆ, ಕೆಲಸ ಕೇಳಲು ಹೋದವರಿಗೆ ಗೊತ್ತಿರುವುದು ಒಂದೇ ಸಂಬಳ, ಅದೂ ತಮ್ಮದು. ಈ ಅಂತರ ಕಡಿಮೆ ಮಾಡುವುದಕ್ಕೆ ಹೊರಗಿನವರ ಮಾತು ಬೇಕೇ ಬೇಕು.

ಗೊತ್ತಿಲ್ಲದೇ ಇರುವುದರ ಬೆಲೆ ಎಷ್ಟು ಅನ್ನುವುದಕ್ಕೆ ಅಮೆರಿಕದ ಲಿಲಿ ಲೆಡ್‌ಬೆಟರ್ ಅವರ ಮೊಕದ್ದಮೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅಲಬಾಮಾ ರಾಜ್ಯದ ಗ್ಯಾಡ್ಸ್‌ಡೆನ್‌ನ ಟೈರ್ ಕಾರ್ಖಾನೆಯಲ್ಲಿ ಅವರು 1979ರಿಂದ 1998ರವರೆಗೆ ಕೆಲಸ ಮಾಡಿದರು. ಸಂಬಳದ ವಿಷಯ ಅಲ್ಲಿ ಯಾರೂ ಯಾರ ಜೊತೆಗೂ ಮಾತಾಡುವ ಹಾಗಿರಲಿಲ್ಲ. ಅವರ ನೌಕರಿ ಮುಗಿಯುತ್ತ ಬಂದ ಹೊತ್ತಿಗೆ ಯಾರೋ ಹೆಸರು ಹಾಕದ ಒಂದು ಚೀಟಿ ಇಟ್ಟು ಹೋದರು. ಅದೇ ಹುದ್ದೆಯಲ್ಲಿದ್ದ ಗಂಡಸರ ಸಂಬಳ ಅದರಲ್ಲಿ ಬರೆದಿತ್ತು. ಕೋರ್ಟಿನ ದಾಖಲೆಯ ಪ್ರಕಾರ, 1997ರ ಕೊನೆಗೆ ಲೆಡ್‌ಬೆಟರ್ ಅವರಿಗೆ ಸಿಗುತ್ತಿದ್ದದ್ದು ತಿಂಗಳಿಗೆ 3,727 ಡಾಲರ್. ಅದೇ ಹುದ್ದೆಯ ಗಂಡಸರಲ್ಲಿ ತೀರಾ ಕಡಿಮೆ ಸಂಬಳ ಇದ್ದವರಿಗೆ 4,286, ಎಲ್ಲರಿಗಿಂತ ಜಾಸ್ತಿ ಇದ್ದವರಿಗೆ 5,236. ಕೇಸು ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 2007ರಲ್ಲಿ ಐದು ನ್ಯಾಯಮೂರ್ತಿಗಳು ಒಂದು ಕಡೆ, ನಾಲ್ವರು ಇನ್ನೊಂದು ಕಡೆ ಆಗಿ ತೀರ್ಪು ಬಂತು: ಸಂಬಳ ನಿಗದಿಯಾದ 180 ದಿನದೊಳಗೆ ದೂರು ಕೊಡಬೇಕಿತ್ತು, ಈಗ ತಡವಾಗಿದೆ ಅಂತ. ಇದೆಯೆಂದೇ ಗೊತ್ತಿಲ್ಲದ ಅನ್ಯಾಯದ ಬಗ್ಗೆ 180 ದಿನದಲ್ಲಿ ದೂರು ಕೊಡುವುದಾದರೂ ಹೇಗೆ ಹೇಳಿ? 2009ರ ಜನವರಿಯಲ್ಲಿ ಅವರ ಹೆಸರಿನಲ್ಲೇ ಒಂದು ಕಾನೂನು ಬಂದು ಆ ನಿಯಮ ಬದಲಾಯಿತು. ಅವರಿಗೆ ಮಾತ್ರ ಆ ಬಾಕಿ ದುಡ್ಡು ಸಿಗಲೇ ಇಲ್ಲ. ಇದರಲ್ಲಿ ನಿವೃತ್ತಿಯ ಮಾತೂ ಸೇರಿದೆ. ಪಿಂಚಣಿ ಲೆಕ್ಕ ಹಾಕುವುದು ಸಂಬಳದ ಮೇಲೆ. ಹಾಗಾಗಿ ಸಂಬಳದಲ್ಲಿ ಆದ ಮೋಸ ನಿವೃತ್ತಿಯ ಮೇಲೂ ಪ್ರತಿ ತಿಂಗಳು ಮುಂದುವರಿಯುತ್ತದೆ.

ಸಂಬಳದ ಬಗ್ಗೆ ಮಾತಾಡಬಾರದು ಅನ್ನುವ ನಿಯಮ ಎಷ್ಟೋ ಕಡೆ ಕಾನೂನಿಗೇ ವಿರುದ್ಧ ಅನ್ನುವುದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಅಮೆರಿಕದಲ್ಲಿ 1935ರ ರಾಷ್ಟ್ರೀಯ ಕಾರ್ಮಿಕ ಸಂಬಂಧ ಕಾಯ್ದೆಯೇ ಖಾಸಗಿ ಕಂಪನಿಗಳ ಬಹುಪಾಲು ನೌಕರರಿಗೆ ಪರಸ್ಪರ ಸಂಬಳ ಮಾತಾಡುವ ಹಕ್ಕು ಕೊಟ್ಟಿದೆ. ಆದರೆ ಮೇಲ್ವಿಚಾರಕರಿಗೆ ಆ ರಕ್ಷಣೆ ಇಲ್ಲ. ಬ್ರಿಟನ್ನಿನ 2010ರ ಸಮಾನತಾ ಕಾಯ್ದೆ ಪ್ರಕಾರ, ತಾರತಮ್ಯ ನಡೆಯುತ್ತಿದೆಯಾ ಅಂತ ತಿಳಿದುಕೊಳ್ಳಲು ಸಂಬಳ ಮಾತಾಡಿದರೆ ಅದನ್ನು ತಡೆಯುವ ಷರತ್ತು ಊರ್ಜಿತವಾಗುವುದಿಲ್ಲ. ಯುರೋಪಿಯನ್ ಒಕ್ಕೂಟ ಇನ್ನೂ ಮುಂದಕ್ಕೆ ಹೋಗಿದೆ. 2023ರಲ್ಲಿ ಹೊರಡಿಸಿದ ಸಂಬಳ ಪಾರದರ್ಶಕತೆಯ ನಿರ್ದೇಶನವನ್ನು ಸದಸ್ಯ ದೇಶಗಳು ತಮ್ಮ ಕಾನೂನಿಗೆ ತರಲು ಕೊಟ್ಟಿರುವ ಗಡುವು 2026ರ ಜೂನ್ 7. ಅದರ ಪ್ರಕಾರ ಕೆಲಸಕ್ಕೆ ಅರ್ಜಿ ಹಾಕಿದವರಿಗೆ ಆರಂಭದ ಸಂಬಳ ಎಷ್ಟರಿಂದ ಎಷ್ಟರವರೆಗೆ ಅಂತ ಮೊದಲೇ ತಿಳಿಸಬೇಕು, ಹಿಂದಿನ ಕಡೆ ಎಷ್ಟು ಸಿಗುತ್ತಿತ್ತು ಅಂತ ಕೇಳುವಂತಿಲ್ಲ. ಈ ಎರಡನೇ ನಿಯಮ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಒಮ್ಮೆ ಕಡಿಮೆ ಸಂಬಳಕ್ಕೆ ಸೇರಿದವರು ಆಮೇಲೆ ಎಲ್ಲಿ ಹೋದರೂ ಅದೇ ಲೆಕ್ಕದ ಮೇಲೆ ಸ್ವಲ್ಪ ಏರಿಕೆ ಪಡೆದು ತೃಪ್ತಿಪಡಬೇಕಾದ ಸ್ಥಿತಿಯನ್ನು ಅದು ತಪ್ಪಿಸುತ್ತದೆ.

ಹಾಗಂತ ಸಂಬಳ ಬಹಿರಂಗ ಆದರೆ ಎಲ್ಲರಿಗೂ ಲಾಭವೇ ಅಂತ ಹೇಳಿದರೆ ತಪ್ಪಾಗುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನೌಕರರ ಸಂಬಳದ ವಿವರವನ್ನು ಅಲ್ಲಿನ ಒಂದು ಪತ್ರಿಕೆ ಆನ್‌ಲೈನ್‌ನಲ್ಲಿ ಯಾರು ಬೇಕಾದರೂ ಹುಡುಕುವ ಹಾಗೆ ಹಾಕಿತ್ತು. ಅರ್ಥಶಾಸ್ತ್ರಜ್ಞ ಡೇವಿಡ್ ಕಾರ್ಡ್ ಮತ್ತು ಅವರ ಸಂಗಡಿಗರು ಕೆಲವು ನೌಕರರಿಗೆ ಮಾತ್ರ ಇಂಥದ್ದೊಂದು ಇದೆ ಅಂತ ತಿಳಿಸಿ, ಆಮೇಲೆ ಎಲ್ಲರನ್ನೂ ಮಾತಾಡಿಸಿದರು. ಅಧ್ಯಯನ ಪ್ರಕಟವಾದದ್ದು 2012ರಲ್ಲಿ. ತಮ್ಮ ವಿಭಾಗದಲ್ಲಿ ಮಧ್ಯದ ಸಂಬಳಕ್ಕಿಂತ ಕಡಿಮೆ ಪಡೆಯುತ್ತಿದ್ದವರಿಗೆ ವಿಷಯ ತಿಳಿದ ಮೇಲೆ ಕೆಲಸದ ಬಗ್ಗೆ ಬೇಸರ ಹೆಚ್ಚಿತು, ಬೇರೆ ಕೆಲಸ ಹುಡುಕುವ ಯೋಚನೆಯೂ ಹೆಚ್ಚಿತು. ಜಾಸ್ತಿ ಪಡೆಯುತ್ತಿದ್ದವರಿಗೆ ಅದರಿಂದ ಸಂತೋಷವೇನೂ ಹೆಚ್ಚಾಗಲಿಲ್ಲ. ಒಟ್ಟು ಲೆಕ್ಕದಲ್ಲಿ ನೆಮ್ಮದಿ ಕಡಿಮೆಯಾಯಿತು ಅಂತಲೇ ಇಟ್ಟುಕೊಳ್ಳಿ. ಆದರೆ ಈ ಬೇಸರದಲ್ಲಿ ಒಂದು ಮಾಹಿತಿ ಇದೆ ಅಲ್ವಾ? ಕಡಿಮೆ ಸಿಗುತ್ತಿದೆ ಅಂತ ಗೊತ್ತಾದವರು ಬೇರೆ ಕೆಲಸ ಹುಡುಕುವುದು ಸರಿಯಾದ ಹೆಜ್ಜೆಯೇ. ಗೊತ್ತಿಲ್ಲದೆ ನೆಮ್ಮದಿಯಾಗಿರುವುದಕ್ಕಿಂತ ಇದು ಮೇಲು ಅನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು ಫಲಿತಾಂಶ ಸ್ವಲ್ಪ ಕಹಿ. ಅಮೆರಿಕದ ಹಲವು ರಾಜ್ಯಗಳು ಸಹೋದ್ಯೋಗಿಗಳ ಸಂಬಳ ಕೇಳುವ ಹಕ್ಕನ್ನು ಕಾನೂನಿನಲ್ಲಿ ಸೇರಿಸಿದ ಮೇಲೆ ಏನಾಯಿತು ಅಂತ ಝೋಯಿ ಕಲೆನ್ ಮತ್ತು ಬಾಬಿ ಪಾಕ್‌ಜಾದ್-ಹರ್ಸನ್ ಲೆಕ್ಕ ಹಾಕಿದರು. ಖಾಸಗಿ ವಲಯದಲ್ಲಿ ಸಂಬಳ ಸುಮಾರು 2 ಶೇಕಡಾ ಇಳಿದಿತ್ತು. ಕಾರಣ ಸರಳ. ಒಬ್ಬರಿಗೆ ಜಾಸ್ತಿ ಕೊಟ್ಟರೆ ನಾಳೆ ಹತ್ತು ಜನ ಬಂದು ನಮಗೂ ಕೊಡಿ ಅನ್ನುತ್ತಾರೆ. ಅದಕ್ಕೆ ಮಾಲೀಕರು ಮೊದಲನೆಯವರಿಗೇ ಇಲ್ಲ ಅನ್ನುತ್ತಾರೆ, ಹಾಗೆ ಅನ್ನಲು ಅವರಿಗೊಂದು ಗಟ್ಟಿ ನೆಪವೂ ಸಿಕ್ಕಿದ ಹಾಗಾಯಿತು. ಕಾರ್ಮಿಕ ಸಂಘ ಬಲವಾಗಿದ್ದ ಕಡೆ ಈ ಇಳಿಕೆ ಅಷ್ಟಾಗಿ ಕಾಣಲಿಲ್ಲ, ಯಾಕಂದರೆ ಅಲ್ಲಿ ಒಬ್ಬೊಬ್ಬರೇ ಹೋಗಿ ಚೌಕಾಸಿ ಮಾಡುವುದೇ ಕಡಿಮೆ. ಡೆನ್ಮಾರ್ಕಿನಲ್ಲೂ ಇಂಥದ್ದೇ ಅನುಭವ. 2006ರಲ್ಲಿ ಅಲ್ಲಿ ಗಂಡಸರ ಮತ್ತು ಹೆಂಗಸರ ಸಂಬಳದ ಲೆಕ್ಕ ಬೇರೆ ಬೇರೆ ಕೊಡಬೇಕು ಅಂತ ಒಂದು ಗಾತ್ರಕ್ಕಿಂತ ದೊಡ್ಡ ಕಂಪನಿಗಳಿಗೆ ಕಾನೂನು ಬಂತು. ಅಂತರ ಕಡಿಮೆಯಾಯಿತು ನಿಜ. ಆದರೆ ಮುಖ್ಯವಾಗಿ ಅದು ಆದದ್ದು ಗಂಡಸರ ಸಂಬಳ ಏರುವ ವೇಗ ತಗ್ಗಿದ್ದರಿಂದ.

ಇದನ್ನೆಲ್ಲ ನೋಡಿದರೂ ನಾನು ಸಂಬಳ ಬಹಿರಂಗವಾಗಬೇಕು ಅನ್ನುವ ಕಡೆಯೇ ನಿಲ್ಲುತ್ತೇನೆ. ಈ ಅಧ್ಯಯನಗಳಲ್ಲಿ ಕಂಡ ನಷ್ಟ ಹುಟ್ಟಿದ್ದು ಒಂದೇ ಕಂಪನಿಯ ಒಳಗೆ, ಒಬ್ಬ ಮಾಲೀಕ ಎಲ್ಲರ ಜೊತೆ ಒಂದೇ ಲೆಕ್ಕದಲ್ಲಿ ಚೌಕಾಸಿ ಮಾಡುವಾಗ. ಬೇರೆ ಬೇರೆ ಕಂಪನಿಗಳ ಅಪರಿಚಿತರು ತಮ್ಮ ಸಂಬಳ ಹೇಳಿಕೊಂಡಾಗ ನಿಮಗೆ ಗೊತ್ತಾಗುವುದು ಹೊರಗಿನ ಬೆಲೆ. ಪಕ್ಕದ ಟೇಬಲ್ಲಿನವರಿಗೆ ಎಷ್ಟು ಅಂತ ತಿಳಿದರೆ ಜಗಳ ಆಗಬಹುದು. ಬೇರೆ ಕಂಪನಿ ಎಷ್ಟು ಕೊಡುತ್ತದೆ ಅಂತ ತಿಳಿದರೆ ಹೋಗಲು ಒಂದು ಜಾಗ ಸಿಗುತ್ತದೆ. ಜೊತೆಗೆ ಸಂಬಳದ ಮಾತಿನಲ್ಲಿ ಸುಳ್ಳು ಹೆಚ್ಚು ದಿನ ಬಾಳುವುದಿಲ್ಲ. ಒಂದೇ ಹುದ್ದೆಯ ಹತ್ತಾರು ಜನ ಹೇಳಿದ ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ಬಡಾಯಿ ಕೊಚ್ಚಿದ್ದು ಎದ್ದು ಕಾಣುತ್ತದೆ. ಅಮೆರಿಕದ ಕೊಲರಾಡೊ ರಾಜ್ಯದಂಥ ಕಡೆ 2021ರಿಂದ ಉದ್ಯೋಗದ ಜಾಹೀರಾತಿನಲ್ಲೇ ಸಂಬಳ ಹಾಕಬೇಕು, ಅದರ ಜೊತೆಗೂ ಹೋಲಿಸಿ ನೋಡಬಹುದು.

ಹೇಳುವವರು ಒಂದಿಷ್ಟು ವಿವರ ಸೇರಿಸಬೇಕು, ಇಲ್ಲದಿದ್ದರೆ ಆ ಅಂಕಿ ಸುಮ್ನೆ ಗಾಳಿಮಾತು. ತೆರಿಗೆಗೆ ಮುಂಚೆಯೋ, ಕೈಗೆ ಬಂದದ್ದೋ? ಬೋನಸ್ ಮತ್ತು ಷೇರು ಸೇರಿಯೋ, ಬಿಟ್ಟೋ? ವಾರಕ್ಕೆ ಎಷ್ಟು ಗಂಟೆ ದುಡಿತ? ಎಷ್ಟು ವರ್ಷದ ಅನುಭವ? ನಿವೃತ್ತಿ ನಿಧಿಗೆ ಕಂಪನಿ ತನ್ನ ಕಡೆಯಿಂದ ಎಷ್ಟು ಹಾಕುತ್ತದೆ ಅನ್ನುವುದನ್ನು ಬಹಳ ಜನ ಮರೆತೇಬಿಡುತ್ತಾರೆ. 100 ಸಂಬಳ ಕೊಟ್ಟು ಏನೂ ಹಾಕದ ಕಂಪನಿಗಿಂತ 95 ಸಂಬಳ ಕೊಟ್ಟು ನಿಧಿಗೆ 10 ಹಾಕುವ ಕಂಪನಿ ಮೇಲು. ಸಂಬಳವನ್ನಷ್ಟೇ ಹೋಲಿಸಿದವರಿಗೆ ಇದು ಕಾಣುವುದೇ ಇಲ್ಲ.

ಈಗ ಇಡಗಂಟಿನ ವಿಷಯಕ್ಕೆ ಬರೋಣ.

ಇಬ್ಬರು ಇದ್ದಾರೆ ಅಂದುಕೊಳ್ಳಿ, ಇಬ್ಬರಿಗೂ 55 ವರ್ಷ. ಒಬ್ಬರ ಹತ್ತಿರ 500 ಇದೆ, ಪಿಂಚಣಿ ಇಲ್ಲ. ಇನ್ನೊಬ್ಬರ ಹತ್ತಿರ 100 ಮಾತ್ರ ಇದೆ, ಆದರೆ ನಿವೃತ್ತಿಯಾದ ಮೇಲೆ ಸಾಯುವವರೆಗೂ ವರ್ಷಕ್ಕೆ 20 ಪಿಂಚಣಿ ಬರುತ್ತದೆ. ಆನ್‌ಲೈನ್‌ನಲ್ಲಿ ಇಬ್ಬರೂ ತಮ್ಮ ಮೊತ್ತ ಹೇಳಿದರೆ ಮೊದಲನೆಯವರಿಗೆ ಶಹಬ್ಬಾಸ್‌ಗಿರಿ, ಎರಡನೆಯವರಿಗೆ "ಇನ್ನೂ ಜಾಸ್ತಿ ಉಳಿಸಿ" ಅನ್ನುವ ಉಪದೇಶ. ವರ್ಷಕ್ಕೆ 20 ತೆಗೆಯಬೇಕಾದರೆ, ವರ್ಷದ ಖರ್ಚಿನ 25 ಪಟ್ಟು ಇರಬೇಕು ಅಂತ ಸಾಮಾನ್ಯವಾಗಿ ಹೇಳುವ ಲೆಕ್ಕದಲ್ಲಿ 500 ಕೂಡಿಟ್ಟಿರಬೇಕು. ಅಂದರೆ ಎರಡನೆಯವರ ಸ್ಥಿತಿ ಹೆಚ್ಚುಕಡಿಮೆ 600 ಇದ್ದ ಹಾಗೆ. ಸ್ವಂತ ಮನೆಯ ಸಾಲ ತೀರಿದೆಯಾ, ಅವರ ಮೇಲೆ ಅವಲಂಬಿತರು ಎಷ್ಟು ಜನ, ವೈದ್ಯಕೀಯ ಖರ್ಚು ಸರ್ಕಾರ ನೋಡಿಕೊಳ್ಳುವ ದೇಶವಾ, ದುಡಿಯುವವರು ಮನೆಯಲ್ಲಿ ಒಬ್ಬರೋ ಇಬ್ಬರೋ, ಆಸ್ತಿ ಪಿತ್ರಾರ್ಜಿತವಾಗಿ ಬರಲಿದೆಯಾ, ಹಣ ತೆಗೆಯುವಾಗ ತೆರಿಗೆ ಕಟ್ಟಬೇಕಾ ಅಥವಾ ಮೊದಲೇ ಕಟ್ಟಿ ಆಗಿದೆಯಾ, ಇಷ್ಟೆಲ್ಲ ತಿಳಿಯದೆ ಆ ಮೊತ್ತ ಏನನ್ನೂ ಹೇಳುವುದಿಲ್ಲ. ಇಷ್ಟೆಲ್ಲ ತಿಳಿಸಿದರೆ ನೀವು ಯಾರು ಅನ್ನುವುದೇ ಗೊತ್ತಾಗಿಬಿಡುತ್ತದೆ. ಈ ಇಕ್ಕಟ್ಟಿಗೆ ಮತ್ತೆ ಬರುತ್ತೇನೆ.

ಆ 25 ಪಟ್ಟಿನ ಲೆಕ್ಕದ ಬಗ್ಗೆಯೂ ಒಂದು ಮಾತು, ಯಾಕಂದರೆ ಇಡಗಂಟಿನ ಚರ್ಚೆಯೆಲ್ಲ ಸುತ್ತುವುದು ಅದರ ಸುತ್ತಲೇ. ವಿಲಿಯಂ ಬೆಂಗೆನ್ ಅನ್ನುವ ಹಣಕಾಸು ಸಲಹೆಗಾರ 1994ರಲ್ಲಿ ಒಂದು ಲೇಖನ ಬರೆದರು. ಅಮೆರಿಕದ ಷೇರು ಮತ್ತು ಬಾಂಡ್‌ಗಳ 1926ರಿಂದ ಈಚಿನ ಇತಿಹಾಸ ತೆಗೆದುಕೊಂಡು, ಮೊದಲ ವರ್ಷ ಗಂಟಿನ 4 ಶೇಕಡಾ ತೆಗೆದು, ಆಮೇಲೆ ಪ್ರತಿ ವರ್ಷ ಬೆಲೆಯೇರಿಕೆಗೆ ತಕ್ಕಂತೆ ಅದನ್ನು ಏರಿಸುತ್ತ ಹೋದರೆ ಹಣ 30 ವರ್ಷ ಬಾಳಿಕೆ ಬರುತ್ತದೆ ಅಂತ ತೋರಿಸಿದರು. 4 ಶೇಕಡಾವನ್ನು ತಿರುಗಿಸಿದರೆ 25 ಪಟ್ಟು. ಇದು ಒಂದು ದೇಶದ ಮಾರುಕಟ್ಟೆ, ಒಂದು ಕಾಲಘಟ್ಟ, 30 ವರ್ಷದ ಅವಧಿ ಇಟ್ಟುಕೊಂಡು ಮಾಡಿದ ಲೆಕ್ಕ. 40ನೇ ವಯಸ್ಸಿಗೇ ಕೆಲಸ ಬಿಡುತ್ತೇನೆ ಅನ್ನುವವರಿಗೆ ಹಣ ಬೇಕಾಗಿರುವುದು 50 ವರ್ಷಕ್ಕೆ. ಅವರಿಗೂ ಅದೇ 25 ಪಟ್ಟು ಹೇಳಿ ಕಳಿಸುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ಅದೂ ಅಲ್ಲದೆ, ನಿವೃತ್ತಿಯ ಮೊದಲ ಕೆಲವು ವರ್ಷದಲ್ಲೇ ಷೇರುಪೇಟೆ ಬಿದ್ದರೆ ಗಂಟು ಬೇಗ ಕರಗುತ್ತದೆ, ಅದೇ ಕುಸಿತ 20 ವರ್ಷ ಬಿಟ್ಟು ಬಂದರೆ ಅಷ್ಟು ಪೆಟ್ಟು ಬೀಳುವುದಿಲ್ಲ. ಈ ಅದೃಷ್ಟದ ಪಾಲು ಯಾವ ಮೊತ್ತದಲ್ಲೂ ಕಾಣಿಸುವುದಿಲ್ಲ.

ಇನ್ನು, ಯಾರು ಹೇಳುತ್ತಾರೆ ಅನ್ನುವುದನ್ನೂ ನೋಡಿ. ತನ್ನ ಇಡಗಂಟು ಚೆನ್ನಾಗಿದೆ ಅಂತ ಅನ್ನಿಸಿದವರು ಹೇಳುತ್ತಾರೆ. ಕೆಲಸ ಕಳೆದುಕೊಂಡು ಉಳಿತಾಯ ಮುರಿದು ತಿನ್ನುತ್ತಿರುವವರು, ವಿಚ್ಛೇದನದಲ್ಲಿ ಅರ್ಧ ಕಳೆದುಕೊಂಡವರು, ಅಪ್ಪ ಅಮ್ಮನ ಆಸ್ಪತ್ರೆ ಬಿಲ್ಲಿಗೆ ಎಲ್ಲ ಸುರಿದವರು ಅಲ್ಲಿ ಬಂದು ಅಂಕಿ ಬರೆಯುವುದು ಅಪರೂಪ. ದೂರದ ಬೆಟ್ಟ ನುಣ್ಣಗೆ ಕಾಣುವುದಕ್ಕೆ ಇದೇ ಕಾರಣ. ಹಾಗಾದರೆ ನಿಜವಾದ ಚಿತ್ರ ಎಲ್ಲಿ ಸಿಗುತ್ತದೆ? ಸಮೀಕ್ಷೆಗಳಲ್ಲಿ. ಅಮೆರಿಕದ ಕೇಂದ್ರ ಬ್ಯಾಂಕು ಮೂರು ವರ್ಷಕ್ಕೊಮ್ಮೆ ಕುಟುಂಬಗಳ ಹಣಕಾಸಿನ ಸಮೀಕ್ಷೆ ಮಾಡುತ್ತದೆ. 2022ರ ಸಮೀಕ್ಷೆಯಲ್ಲಿ ನಿವೃತ್ತಿ ಖಾತೆ ಇದ್ದದ್ದೇ ಸುಮಾರು 54 ಶೇಕಡಾ ಕುಟುಂಬಗಳಿಗೆ. ಹಾಗೆ ಖಾತೆ ಇದ್ದವರಲ್ಲಿ ಸರಾಸರಿ ಮೊತ್ತ ಸುಮಾರು 3,34,000 ಡಾಲರ್. ಆದರೆ ಖಾತೆ ಇರುವ ಅವರನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ನಡುವೆ ಇರುವ ಕುಟುಂಬದ್ದು ಸುಮಾರು 87,000 ಮಾತ್ರ. ಮೇಲಿರುವ ಕೆಲವರ ದೊಡ್ಡ ದೊಡ್ಡ ಗಂಟುಗಳು ಸರಾಸರಿಯನ್ನು ಹೆಚ್ಚುಕಡಿಮೆ ನಾಲ್ಕು ಪಟ್ಟು ಮೇಲಕ್ಕೆ ಎಳೆದಿವೆ. ಆನ್‌ಲೈನ್‌ನಲ್ಲಿ ನಿಮ್ಮ ಕಣ್ಣಿಗೆ ಬೀಳುವುದು ಆ ಸರಾಸರಿಗಿಂತಲೂ ಮೇಲಿರುವವರ ಮಾತು. ಅದನ್ನು ಓದಿ ನಾನು ಹಿಂದೆ ಬಿದ್ದೆ ಅಂತ ರಾತ್ರಿ ನಿದ್ದೆ ಕೆಡಿಸಿಕೊಳ್ಳುವ ಎಷ್ಟೋ ಜನ ವಾಸ್ತವದಲ್ಲಿ ಸಾಲಿನ ಮಧ್ಯಕ್ಕಿಂತ ಮುಂದೆಯೇ ಇರುತ್ತಾರೆ.

ಸರಿ, ಬೇರೆಯವರ ದೊಡ್ಡ ಮೊತ್ತ ನೋಡಿ ಹುರುಪು ಬಂದು ಜನ ಜಾಸ್ತಿ ಉಳಿಸುವುದಿಲ್ವಾ? ನನಗೆ ಇಡೀ ವಿಷಯದಲ್ಲಿ ತುಂಬಾ ಆಸಕ್ತಿ ಹುಟ್ಟಿಸಿದ್ದು ಈ ಪ್ರಶ್ನೆಯೇ, ಯಾಕಂದರೆ ಇದಕ್ಕೆ ಎರಡು ಅಧ್ಯಯನ ಎರಡು ದಿಕ್ಕಿನ ಉತ್ತರ ಕೊಡುತ್ತವೆ. ಎಸ್ತರ್ ದುಫ್ಲೊ ಮತ್ತು ಇಮ್ಯಾನುಯೆಲ್ ಸಾಯೆಜ್ ಅಮೆರಿಕದ ಒಂದು ದೊಡ್ಡ ವಿಶ್ವವಿದ್ಯಾಲಯದಲ್ಲಿ ಮಾಡಿದ ಪ್ರಯೋಗ 2003ರಲ್ಲಿ ಪ್ರಕಟವಾಯಿತು. ನೌಕರರ ಸೌಲಭ್ಯಗಳ ಬಗ್ಗೆ ಅಲ್ಲೊಂದು ಮಾಹಿತಿ ಮೇಳ ಇತ್ತು. ಕೆಲವು ವಿಭಾಗಗಳಲ್ಲಿ ಕೆಲವೇ ಜನರಿಗೆ, ಬಂದರೆ ಸಣ್ಣ ಮೊತ್ತ ಕೊಡುತ್ತೇವೆ ಅಂತ ಪತ್ರ ಕಳಿಸಿದರು. ಆಶ್ಚರ್ಯ ಅಂದರೆ, ಅದೇ ವಿಭಾಗದಲ್ಲಿ ಪತ್ರ ಬಾರದ ಸಹೋದ್ಯೋಗಿಗಳೂ ಮೇಳಕ್ಕೆ ಹೆಚ್ಚಾಗಿ ಬಂದರು, ನಿವೃತ್ತಿ ಉಳಿತಾಯದ ಯೋಜನೆಗೂ ಹೆಚ್ಚಾಗಿ ಸೇರಿದರು. ಮಾತು ಒಬ್ಬರಿಂದ ಒಬ್ಬರಿಗೆ ದಾಟಿತ್ತು.

ಇನ್ನೊಂದು ಅಧ್ಯಯನ ಜಾನ್ ಬೆಶಿಯರ್ಸ್ ಮತ್ತು ಸಂಗಡಿಗರದು, 2015ರದ್ದು. ಒಂದು ಉತ್ಪಾದನಾ ಕಂಪನಿಯಲ್ಲಿ ನಿವೃತ್ತಿ ಯೋಜನೆಗೆ ಸೇರದವರಿಗೆ ಪತ್ರ ಹೋಯಿತು. ಕೆಲವರ ಪತ್ರದಲ್ಲಿ ಮಾತ್ರ "ನಿಮ್ಮ ವಯಸ್ಸಿನ ಸಹೋದ್ಯೋಗಿಗಳಲ್ಲಿ ಶೇಕಡಾ ಇಷ್ಟು ಜನ ಆಗಲೇ ಸೇರಿದ್ದಾರೆ" ಅನ್ನುವ ಅರ್ಥದ ಮಾಹಿತಿ ಇತ್ತು. ಅದನ್ನು ಓದಿ ಇನ್ನಷ್ಟು ಜನ ಸೇರಬೇಕಿತ್ತಲ್ಲವೇ? ನೌಕರರು ಕೇಳದಿದ್ದರೂ ಕಂಪನಿಯೇ ಅವರನ್ನು ಯೋಜನೆಗೆ ಸೇರಿಸಿಬಿಡುವ ವ್ಯವಸ್ಥೆ ಅನ್ವಯಿಸದ ಒಂದು ಗುಂಪಿನಲ್ಲಿ ಇದು ತಿರುಗುಬಾಣವಾಯಿತು. ಬೇರೆಯವರ ಅಂಕಿ ನೋಡಿದವರು ಸೇರುವುದು ಕಡಿಮೆಯಾಯಿತು. ಆ ಅಂಕಿ ದೊಡ್ಡದಿದ್ದಷ್ಟೂ ಪರಿಣಾಮ ಕೆಟ್ಟದಾಯಿತು. ನಮಗಿಂತ ಮುಂದಿರುವವರನ್ನು ನೋಡಿ ಕೈಚೆಲ್ಲುವುದೇ ಇದಕ್ಕೆ ಕಾರಣ ಇರಬೇಕು ಅಂತ ಸಂಶೋಧಕರು ಹೇಳುತ್ತಾರೆ. ಎರಡನ್ನೂ ಒಟ್ಟಿಗೆ ಇಟ್ಟು ನಾನು ಅರ್ಥ ಮಾಡಿಕೊಂಡದ್ದು ಇಷ್ಟು. "ಹೀಗೊಂದು ಯೋಜನೆ ಇದೆ, ಅರ್ಜಿ ಇಲ್ಲಿ ಸಿಗುತ್ತದೆ, ನಾನು ಸೇರಿದೆ" ಅನ್ನುವ ಮಾತು ಜನರನ್ನು ಕರೆದುಕೊಂಡು ಬರುತ್ತದೆ. "ಎಲ್ಲರೂ ಆಗಲೇ ಇಷ್ಟು ಮುಂದೆ ಹೋಗಿದ್ದಾರೆ" ಅನ್ನುವ ಮಾತು ಹಿಂದುಳಿದವರನ್ನು ಇನ್ನೂ ಹಿಂದಕ್ಕೆ ತಳ್ಳಬಹುದು. ಸಹಾಯ ಯಾರಿಗೆ ಜಾಸ್ತಿ ಬೇಕೋ ಅವರಿಗೇ ದೊಡ್ಡ ಮೊತ್ತಗಳ ಪ್ರದರ್ಶನದಿಂದ ಜಾಸ್ತಿ ಪೆಟ್ಟು ಬೀಳುವುದು ನನಗೆ ಬೇಸರ ತರಿಸುತ್ತದೆ.

ನಾರ್ವೆಯ ಕಥೆಯೂ ಇದನ್ನೇ ಹೇಳುತ್ತದೆ. ಅಲ್ಲಿ ಯಾರ ಆದಾಯ ಎಷ್ಟು, ತೆರಿಗೆ ಎಷ್ಟು ಅನ್ನುವುದು ಬಹಳ ಹಿಂದಿನಿಂದಲೂ ಸಾರ್ವಜನಿಕ ದಾಖಲೆ. ಆದರೆ ನೋಡಬೇಕಾದರೆ ಕಚೇರಿಗೆ ಹೋಗಬೇಕಿತ್ತು. 2001ರಲ್ಲಿ ಪತ್ರಿಕೆಗಳು ಅದನ್ನು ಆನ್‌ಲೈನ್‌ಗೆ ಹಾಕಿದವು. ರಿಕಾರ್ಡೊ ಪೆರೆಜ್-ಟ್ರುಗ್ಲಿಯಾ 2020ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಆಮೇಲೆ ಶ್ರೀಮಂತರ ಮತ್ತು ಬಡವರ ಸಂತೋಷದ ನಡುವಿನ ಅಂತರ 29 ಶೇಕಡಾ ಹೆಚ್ಚಿತು. ಯಾರ ಆದಾಯವೂ ಇದರಿಂದ ಬದಲಾಗಿರಲಿಲ್ಲ, ಬದಲಾದದ್ದು ನೋಡುವ ಸುಲಭ ಮಾತ್ರ. 2014ರಲ್ಲಿ ಸರ್ಕಾರ ಒಂದು ಸಣ್ಣ ನಿಯಮ ತಂದಿತು. ಯಾರ ಆದಾಯ ಹುಡುಕಿದರೂ, ಹುಡುಕಿದವರು ಯಾರು ಅಂತ ಆ ವ್ಯಕ್ತಿಗೆ ಗೊತ್ತಾಗುತ್ತದೆ. ಹುಡುಕಾಟ ಒಮ್ಮೆಗೇ ಕುಸಿಯಿತು. ಆನ್‌ಲೈನ್ ಅಪರಿಚಿತರ ಮುಂದೆ ನಾವು ನಮ್ಮ ಲೆಕ್ಕ ಇಡುವಾಗ ಈ ರಕ್ಷಣೆ ಇರುವುದಿಲ್ಲ. ಓದುತ್ತಿರುವವರು ಎಷ್ಟು ಜನ, ಅವರು ಯಾರು, ಯಾಕೆ ಓದುತ್ತಿದ್ದಾರೆ, ಒಂದೂ ನಮಗೆ ತಿಳಿಯುವುದಿಲ್ಲ.

ಅಪಾಯ ಶುರುವಾಗುವುದು ಇಲ್ಲಿಂದಲೇ. ಹೆಸರು ಹಾಕಿಲ್ಲವಲ್ಲ ಅನ್ನುವ ಧೈರ್ಯದ ಮೇಲೆ ಜನ ಹೇಳುತ್ತಾರೆ. ಆದರೆ ಹೆಸರು ಬಿಟ್ಟರೆ ಸಾಲದು. ಅಮೆರಿಕದ ಸಂಶೋಧಕಿ ಲಟಾನ್ಯಾ ಸ್ವೀನಿ 2000ದಲ್ಲಿ ತೋರಿಸಿದ ಲೆಕ್ಕ ಈಗಲೂ ಬೆಚ್ಚಿಬೀಳಿಸುತ್ತದೆ: ಹುಟ್ಟಿದ ದಿನಾಂಕ, ಗಂಡೋ ಹೆಣ್ಣೋ, ವಿಳಾಸದ ಐದಂಕಿಯ ಅಂಚೆ ಪಿನ್‌ಕೋಡ್, ಈ ಮೂರೇ ಸಾಕು, ಅಮೆರಿಕದ 87 ಶೇಕಡಾ ಜನರನ್ನು ಗುರುತಿಸಿಬಿಡಬಹುದು. ಒಂದೇ ಹೆಸರಿನಲ್ಲಿ ಐದಾರು ವರ್ಷ ಬರೆಯುತ್ತ ಬಂದವರು ಎಷ್ಟೆಲ್ಲ ಹೇಳಿರುತ್ತಾರೆ ಯೋಚಿಸಿ. ಒಮ್ಮೆ ವಯಸ್ಸು, ಇನ್ನೊಮ್ಮೆ ಊರು, ಮಗುವಿನ ಶಾಲೆಯ ಚಿಂತೆ, ಕಂಪನಿಯ ಒಂದು ವಿಶೇಷ, ಹೊಸ ಕಾರಿನ ಫೋಟೋ. ಬಿಡಿಬಿಡಿಯಾಗಿ ಯಾವುದೂ ದೊಡ್ಡದಲ್ಲ. ಎಲ್ಲ ಕೂಡಿಸಲು ಈಗ ಮನುಷ್ಯರು ಕೂತು ಓದಬೇಕಾಗಿಯೂ ಇಲ್ಲ, ಆ ಕೆಲಸವನ್ನು ಯಂತ್ರವೇ ಮಾಡುತ್ತದೆ. ಆ ಗುರುತಿನ ಪಕ್ಕಕ್ಕೆ ಒಂದು ದೊಡ್ಡ ಮೊತ್ತ ಸೇರಿದರೆ ಮೋಸ ಮಾಡುವವರಿಗೆ ಬೇಕಾದದ್ದೆಲ್ಲ ಸಿಕ್ಕಿದ ಹಾಗೆ. ಈ ವಿಷಯದಲ್ಲಿ ಸಂಬಳಕ್ಕೂ ಇಡಗಂಟಿಗೂ ಇರುವ ವ್ಯತ್ಯಾಸ ಗಮನಿಸಿ. ಸಂಬಳ ತಿಂಗಳು ತಿಂಗಳು ಬಂದು ಖರ್ಚಾಗುವ ಹಣ, ಅದನ್ನು ಒಂದೇ ಏಟಿಗೆ ಯಾರೂ ಹೊಡೆದುಕೊಂಡು ಹೋಗಲಾರರು. ಇಡಗಂಟು ಒಂದೇ ಕಡೆ ಇರುತ್ತದೆ, ಹೋದರೆ ಒಟ್ಟಿಗೆ ಹೋಗುತ್ತದೆ. 60 ದಾಟಿದವರಿಗೆ ಅದನ್ನು ಮತ್ತೆ ದುಡಿದು ಸೇರಿಸಲು ವರ್ಷಗಳೂ ಉಳಿದಿರುವುದಿಲ್ಲ.

ಅಮೆರಿಕದ ಎಫ್‌ಬಿಐಗೆ 2023ರಲ್ಲಿ ಬಂದ ಇಂಟರ್ನೆಟ್ ಅಪರಾಧದ ದೂರುಗಳಲ್ಲಿ ಹೂಡಿಕೆಯ ಹೆಸರಿನ ಮೋಸದಲ್ಲೇ ಜನ ಕಳೆದುಕೊಂಡದ್ದು 457 ಕೋಟಿ ಡಾಲರ್. ಬೇರೆ ಬಗೆಯ ಮೋಸಗಳೂ ಸೇರಿ 60 ದಾಟಿದವರು ಕಳೆದುಕೊಂಡದ್ದು ಸುಮಾರು 340 ಕೋಟಿ ಡಾಲರ್. ಇದು ದೂರು ಕೊಟ್ಟವರ ಲೆಕ್ಕ ಮಾತ್ರ, ನಾಚಿಕೆಯಿಂದ ಸುಮ್ಮನಾದವರು ಇದರಲ್ಲಿ ಇಲ್ಲ. ಇಂಥ ಮೋಸದವರು ಈಗ ಮೊದಲ ದಿನವೇ ದುಡ್ಡು ಕೇಳುವುದಿಲ್ಲ. ವಾರಗಟ್ಟಲೆ ಸ್ನೇಹ ಬೆಳೆಸುತ್ತಾರೆ, ಸಣ್ಣ ಹೂಡಿಕೆಗೆ ಲಾಭ ಬಂದಂತೆ ತೋರಿಸಿ ಅದನ್ನು ವಾಪಸ್ ತೆಗೆಯಲೂ ಬಿಡುತ್ತಾರೆ. ನಂಬಿಕೆ ಬಂದ ಮೇಲೆ ದೊಡ್ಡ ಗಂಟಿಗೆ ಗಾಳ ಹಾಕುತ್ತಾರೆ. ಇಷ್ಟು ಹೊತ್ತು, ಇಷ್ಟು ಶ್ರಮ ಯಾರ ಮೇಲೆ ಹಾಕಿದರೆ ಲಾಭ ಅನ್ನುವುದು ಅವರ ದೊಡ್ಡ ಪ್ರಶ್ನೆ. "ನನ್ನ ಹತ್ತಿರ ಇಷ್ಟಿದೆ, ಏನು ಮಾಡಲಿ ಗೊತ್ತಾಗುತ್ತಿಲ್ಲ" ಅಂತ ಬರೆದವರು ಆ ಪ್ರಶ್ನೆಗೆ ತಾವೇ ಉತ್ತರ ಕೊಟ್ಟ ಹಾಗಾಗುತ್ತದೆ. ಸಲಹೆ ಕೇಳಿದ ತಕ್ಷಣ ಖಾಸಗಿಯಾಗಿ ಮೆಸೇಜ್ ಮಾಡುವ ಅಪರಿಚಿತರ ಬಗ್ಗೆ ಯಾವ ಮುಲಾಜೂ ಬೇಡ, ಉತ್ತರಿಸದೆ ಬಿಟ್ಟುಬಿಡಿ.

ಹಾಗಾದರೆ ನಿವೃತ್ತಿಯ ಬಗ್ಗೆ ಬಾಯಿ ಮುಚ್ಚಿಕೊಂಡು ಕೂರಬೇಕಾ? ಖಂಡಿತ ಬೇಡ. ಈ ವಿಷಯದಲ್ಲಿ ಜನರಿಗೆ ಇರುವ ಗೊಂದಲ ನೋಡಿದರೆ ಮಾತು ಈಗಿರುವುದಕ್ಕಿಂತ ಜಾಸ್ತಿ ಆಗಬೇಕು. ಮೊತ್ತದ ಬದಲು ಪ್ರಮಾಣ ಹೇಳಿ: ಆದಾಯದಲ್ಲಿ ಶೇಕಡಾ ಎಷ್ಟು ಉಳಿಸುತ್ತೀರಿ, ಯಾವ ವಯಸ್ಸಿಗೆ ಶುರು ಮಾಡಿದಿರಿ, ಗಂಟು ನಿಮ್ಮ ವರ್ಷದ ಖರ್ಚಿನ ಎಷ್ಟು ಪಟ್ಟು. ಮೂವತ್ತೈದರಲ್ಲಿ ಖರ್ಚಿನ ಎರಡು ಪಟ್ಟು ಇದೆ ಅಂದರೆ ಯಾವ ದೇಶದವರಿಗಾದರೂ ಅರ್ಥವಾಗುತ್ತದೆ, ಕಳ್ಳರಿಗೆ ಮಾತ್ರ ಅದರಿಂದ ಏನೂ ಸಿಗುವುದಿಲ್ಲ. ನಿಮ್ಮ ಹಣ ನೋಡಿಕೊಳ್ಳುವುದಕ್ಕೆ ನಿಧಿ ಪ್ರತಿ ವರ್ಷ ಹಿಡಿದುಕೊಳ್ಳುವ ಶುಲ್ಕದ ಬಗ್ಗೆಯಂತೂ ಮನಬಿಚ್ಚಿ ಮಾತಾಡಿ, ಯಾಕಂದರೆ ಜನ ಅತಿ ಹೆಚ್ಚು ಕಳೆದುಕೊಳ್ಳುವುದು ಅಲ್ಲಿ, ಅತಿ ಕಡಿಮೆ ಗಮನ ಕೊಡುವುದೂ ಅಲ್ಲೇ. ಲೆಕ್ಕ ನೋಡಿ. 100 ಹಾಕಿ 35 ವರ್ಷ ಬಿಟ್ಟಿದ್ದೀರಿ, ವರ್ಷಕ್ಕೆ 7 ಶೇಕಡಾ ಬೆಳೆಯುತ್ತದೆ. ಶುಲ್ಕ ಅರ್ಧ ಶೇಕಡಾ ಇದ್ದರೆ ಕೊನೆಗೆ ಸುಮಾರು 906 ಆಗುತ್ತದೆ. ಶುಲ್ಕ ಒಂದೂವರೆ ಶೇಕಡಾ ಇದ್ದರೆ 651. ಕಾಗದದ ಮೇಲೆ ಬರೀ ಒಂದು ಶೇಕಡಾ ವ್ಯತ್ಯಾಸ, ಕೈಗೆ ಬರುವಾಗ 28 ಶೇಕಡಾ ಕಡಿಮೆ. ಕಂಪನಿ ನಿಮ್ಮ ಪಾಲಿಗೆ ಸಮನಾಗಿ ಹಣ ಹಾಕುತ್ತದಾ, ಎಷ್ಟರವರೆಗೆ, ಕೆಲಸ ಬಿಟ್ಟರೆ ಆ ಪಾಲು ನಿಮ್ಮದೇ ಆಗಿ ಉಳಿಯಲು ಎಷ್ಟು ವರ್ಷ ಇರಬೇಕು, ಮಧ್ಯದಲ್ಲಿ ಹಣ ತೆಗೆದರೆ ಎಷ್ಟು ದಂಡ, ಇವೆಲ್ಲ ಅಪರಿಚಿತರ ಹತ್ತಿರ ಕೇಳಲೇಬೇಕಾದ ಪ್ರಶ್ನೆಗಳು. ಇವಕ್ಕೆ ಉತ್ತರ ಕೊಡಲು ಯಾರೂ ತಮ್ಮ ಮೊತ್ತ ಹೇಳಬೇಕಾಗಿಲ್ಲ.

ಕುಟುಂಬದ ಲೆಕ್ಕ ಹೇಳುವಾಗ ಇನ್ನೊಂದು ಸೂಕ್ಷ್ಮ ಇದೆ. ಗಂಡ ಹೆಂಡತಿ ಇಬ್ಬರೂ ಸೇರಿ ಕೂಡಿಟ್ಟ ಗಂಟಿನ ವಿವರವನ್ನು ಒಬ್ಬರೇ ನಿರ್ಧಾರ ಮಾಡಿ ಹೊರಗೆ ಹೇಳುವುದು ಸರಿಯಲ್ಲ. ಅದರಲ್ಲಿ ಅರ್ಧ ಗುಟ್ಟು ಇನ್ನೊಬ್ಬರದ್ದು. ಹೇಳಬೇಕು ಅಂತಿದ್ದರೆ ಮೊದಲು ಮನೆಯಲ್ಲಿ ಕೇಳಿ. ಮನೆಯಲ್ಲೇ ಈ ಲೆಕ್ಕ ಒಬ್ಬರಿಗೆ ಮಾತ್ರ ಗೊತ್ತಿದ್ದು, ಇನ್ನೊಬ್ಬರಿಗೆ ಖಾತೆ ಎಲ್ಲಿದೆ ಅನ್ನುವುದೂ ತಿಳಿಯದಿರುವುದು ಅಪರೂಪವೇನಲ್ಲ. ಅಪರಿಚಿತರಿಗೆ ಹೇಳುವ ಮುಂಚೆ ಆ ಪಟ್ಟಿಯನ್ನು ಇಬ್ಬರೂ ಒಟ್ಟಿಗೆ ಕೂತು ಬರೆದಿಡುವುದು ತುರ್ತು ಕೆಲಸ.

ಈಗಾಗಲೇ ಹೇಳಿಬಿಟ್ಟವರು ಹಳೆಯದನ್ನು ಅಳಿಸಬಹುದು, ಆದರೆ ಅಳಿಸುವ ಮುಂಚೆಯೇ ಯಾರೋ ಅದನ್ನು ನಕಲು ಮಾಡಿಕೊಂಡಿರಬಹುದು. ಅದಕ್ಕೇ ಮುಂದಿನ ಮಾತಿಗೆ ಹೊಸ ಹೆಸರು ತೆಗೆದುಕೊಂಡು, ದುಡ್ಡಿನ ವಿಷಯ ಬಿಟ್ಟು ಬೇರೆ ಏನನ್ನೂ ಆ ಹೆಸರಿನಲ್ಲಿ ಬರೆಯದೇ ಇರುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಎಲ್ಲಕ್ಕಿಂತ ಜಾಗ್ರತೆ ಬೇಕಾದದ್ದು ನಿವೃತ್ತಿಗೆ ಒಂದೆರಡು ವರ್ಷ ಇದ್ದಾಗ. ಗಂಟು ಅತಿ ದೊಡ್ಡದಾಗಿರುವ ಸಮಯ ಅದು. ಒಂದು ಖಾತೆಯಿಂದ ಇನ್ನೊಂದಕ್ಕೆ ಇಡೀ ಹಣ ವರ್ಗಾವಣೆ ಆಗುವುದು ಆಗಲೇ, ಸಲಹೆ ಕೇಳಬೇಕು ಅನ್ನಿಸುವುದೂ ಆಗಲೇ. ಆ ಹೊತ್ತಿನಲ್ಲಿ ನೀವು ಏನು ಬೇಕಾದರೂ ಕೇಳಿ, ಎಷ್ಟು ಬೇಕಾದರೂ ಕೇಳಿ. ಹಣ ಯಾವ ತಿಂಗಳು ಕೈಗೆ ಬರುತ್ತದೆ ಅನ್ನುವುದನ್ನು ಮಾತ್ರ ಬರೆಯಬೇಡಿ.